ಕೌದಿ ಒಗೆಯುವ ಮೆಟ್ಟಿಲು

ನಮ್ಮೂರು ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗೇ ಕೂತಿರುವ ಊರು. ಹೊಳೆ ದಂಡೆಯ ಊರು ಅಂದರೆ ಹೊರಗಿನವರು, ಪುಣ್ಯವಂತರು ನೀವು ಅನ್ನುತ್ತಾರೆ. ಹಾಗೆ ಅನ್ನುವವರೆಲ್ಲ ಬೇಸಿಗೆಯಲ್ಲಿ ಬಂದು ನೋಡಿ ಹೋದವರು. ಡ್ಯಾಮಿನ ಗೇಟು ಎತ್ತಿದಾಗ ದಂಡೆ ಕುಸಿದು ಒಬ್ಬರ ಹೊಲದ ಬದು, ಇನ್ನೊಬ್ಬರ ಬೇವಿನ ಮರ ನೀರು ಪಾಲಾಗುವುದನ್ನು ಅವರು ಕಂಡಿಲ್ಲ. ದಂಡೆಗೆ ತಡೆಗೋಡೆ ಬೇಕು ಅಂತ ಪಂಚಾಯ್ತಿಯವರು ಅರ್ಜಿ ಹಾಕುತ್ತಲೇ ಬಂದಿದ್ದರು. ಕೊನೆಗೂ ಅನುದಾನ ಮಂಜೂರಾಯಿತು. ಆ ಸುದ್ದಿ ಊರಲ್ಲಿ ಹಬ್ಬಿದ ವಾರವೇ ಬಳ್ಳಾರಿಯ ಡಾಕ್ಟರು ನನ್ನ ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು. ವಾಸಿಯಾಗಿದೆ ಅಂತ ಅಲ್ಲ, ಇನ್ನು ಇಲ್ಲಿಟ್ಟುಕೊಂಡು ಮಾಡುವುದೇನೂ ಇಲ್ಲ ಅಂತ.

ನಾನು ಗಾದಿ ಹೊಲಿಯುವವನು. ಹತ್ತಿ ಹಿಂಜುವುದು ನಮ್ಮ ಮನೆತನದ ಕಸುಬು. ಅಪ್ಪನ ಕಾಲಕ್ಕೆ ಹಿಂಜುವ ಬಿಲ್ಲಿತ್ತು, ನನ್ನ ಕಾಲಕ್ಕೆ ಮಷೀನು ಬಂತು. ಸಿರುಗುಪ್ಪದಲ್ಲಿ ಸಣ್ಣ ಅಂಗಡಿ ಇದೆ. ಗಾದಿ ಬಟ್ಟೆ ತರಲು ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗುತ್ತೇನೆ. ನಮಾಜಿಗೆ ಅರಬ್ಬಿ, ಗಿರಾಕಿಗೆ ತೆಲುಗು, ಮನೆಯಲ್ಲಿ ಮಾತ್ರ ಕನ್ನಡವೇ. ಹೆಂಡತಿ ಹಳೇ ಸೀರೆ, ಹರಿದ ಲುಂಗಿ ಎಲ್ಲ ಒಟ್ಟುಮಾಡಿ ಪದರದ ಮೇಲೆ ಪದರವಿಟ್ಟು ಕೌದಿ ಹೊಲಿಯುತ್ತಿದ್ದಳು. ನಿಮ್ಮ ಗಾದಿ ಊರ ಮಂದಿಗೆ, ನನ್ನ ಕೌದಿ ಮನೆಯವರಿಗೆ ಅಂತ ಆಗಾಗ ಚುಚ್ಚುತ್ತಿದ್ದಳು. ಸುಳ್ಳೇನಲ್ಲ. ನಮ್ಮ ಮನೆಯ ಗಾದಿಗೆ ಹೊಸ ಹತ್ತಿ ತುಂಬಲು ನನಗೆ ಯಾವತ್ತೂ ಪುರಸೊತ್ತು ಸಿಕ್ಕಿದ್ದಿಲ್ಲ.

ಗಾದಿಗೂ ಕೌದಿಗೂ ಒಂದು ವ್ಯತ್ಯಾಸವಿದೆ. ಗಾದಿಯನ್ನು ಯಾರೂ ಒಗೆಯುವುದಿಲ್ಲ. ಕೊಳೆಯಾದರೆ ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹರವಿ, ಹಿಂಜಿ, ಮತ್ತೆ ತುಂಬುತ್ತೇವೆ. ಕೌದಿಯನ್ನು ಒಗೆಯಲೇಬೇಕು, ಅದೂ ಹೊಳೆಯಲ್ಲಿ. ನಲ್ಲಿ ನೀರಿನಲ್ಲಿ ಅದು ನೆನೆಯುವುದೂ ಇಲ್ಲ, ಬಚ್ಚಲಲ್ಲಿ ಹಿಡಿಸುವುದೂ ಇಲ್ಲ. ಮಹಾನವಮಿ ಮುಂದಿದ್ದಾಗ ಹಿಂದೂಗಳ ಮನೆಯವರು, ರಂಜಾನ್ ಮುಂದಿದ್ದಾಗ ನಮ್ಮವರು, ಓಣಿಯ ಹೆಂಗಸರೆಲ್ಲ ಕೌದಿಯ ಗಂಟು ತಲೆ ಮೇಲೆ ಹೊತ್ತು ದಂಡೆ ಇಳಿಯುತ್ತಿದ್ದರು. ಸೋಡಾ ಹಾಕಿ ನೆನೆಸಿ ಕಾಲಲ್ಲಿ ತುಳಿಯುವುದು. ಮನೆಯಲ್ಲಿ ಸಾವಾದರೆ ಸತ್ತವರ ಕೌದಿಯೂ ನಲವತ್ತು ದಿನದೊಳಗೆ ಹೊಳೆಗೆ ಹೋಗಿ ಬರಬೇಕು. ಈ ಕೆಲಸಕ್ಕೆ ಗಂಡಸರು ಹೋಗುವ ರೂಢಿ ಇಲ್ಲ.

ಗೋಡೆ ಕೆಲಸ ಮುಗಿಯುವ ಹೊತ್ತಿಗೂ ಹೆಂಡತಿಗೆ ಇನ್ನೂ ಅಷ್ಟಿಷ್ಟು ಓಡಾಡುವ ಶಕ್ತಿ ಇತ್ತು. ಒಂದು ಸಂಜೆ ಕೈ ಹಿಡಿದುಕೊಂಡು ಹೊಳೆಯ ತನಕ ಕರೆದುಕೊಂಡು ಹೋಗಿದ್ದೆ. ಗುಡಿಯ ಹಿಂದಿನಿಂದ ಹಿಡಿದು ನಮ್ಮ ಖಬರಸ್ತಾನದ ಬೇಲಿಯವರೆಗೆ ಕಾಂಕ್ರೀಟ್ ಗೋಡೆ ಎದ್ದಿತ್ತು. ಎದೆಮಟ್ಟ ಎತ್ತರ, ನಡುವೆ ಎಲ್ಲೂ ಒಂದು ಸಂದು ಬಿಟ್ಟಿರಲಿಲ್ಲ. ಇಷ್ಟು ವರ್ಷ ಕೇಳಿ ತಂದ ಗೋಡೆ, ಎಲ್ಲರೂ ಅದರ ಗಟ್ಟಿತನವನ್ನೇ ನೋಡಿದ್ದರು. ಗಂಡಸರು ನೋಡಿ ಒಪ್ಪಿದ ನಕ್ಷೆ ಅದು, ಕೌದಿ ಹೊತ್ತು ಇಳಿಯುವ ದಾರಿ ಯಾರ ನೆನಪಿಗೂ ಬಂದಿರಲಿಲ್ಲ. ಅವಳು ಗೋಡೆಗೆ ಕೈಯಾನಿಸಿ ಸ್ವಲ್ಪ ಹೊತ್ತು ನಿಂತಳು.

"ಚಲೋ ಕಟ್ಯಾರ. ಇನ್ನ ಮ್ಯಾಲ ಹೊಳಿ ನೋಡಾಕ ಸಿಗ್ತೈತಿ, ಮುಟ್ಟಾಕ ಸಿಗಂಗಿಲ್ಲ" ಅಂದಳು.

ಅಷ್ಟಕ್ಕೇ ದಣಿದು ಕೂತುಬಿಟ್ಟಳು. ವಾಪಸು ಬರಲು ಆಟೋ ಕರೆಸಬೇಕಾಯಿತು. ಅದೇ ಅವಳು ಕೊನೆಯ ಸಲ ಹೊಳೆಗೆ ಹೋದದ್ದು.

ಅವಳು ತೀರಿಕೊಂಡದ್ದು ಬೇಸಿಗೆಯ ತುದಿಯಲ್ಲಿ. ನಮ್ಮ ಕಡೆಯದು ಎರೆ ಮಣ್ಣು. ಬೇಸಿಗೆಯಲ್ಲಿ ಬಾಯಿಬಿಟ್ಟು ಒಣಗಿದರೆ ಹಾರೆ ಹಾಕಿದರೂ ಏಳುವುದಿಲ್ಲ. ಖಬರಸ್ತಾನದ ಮೇಲಿನ ಭಾಗದಲ್ಲಿ ಗುಂಡಿ ತೋಡಲು ಹೋದವರು ಬೆವರು ಸುರಿಸಿ ಸಾಕಾಗಿ ಹೊಳೆಯ ಕಡೆಗೆ ಸರಿದರು. ಅಲ್ಲಿ ಮೆಕ್ಕಲು ಮಣ್ಣು, ಗುದ್ದಲಿ ಸಲೀಸಾಗಿ ಇಳಿಯಿತು. ಮಣ್ಣು ಎಷ್ಟು ಮೆತ್ತಗಿದೆ ನೋಡ್ರಿ, ಪುಣ್ಯವಂತಿ ಅಂದರು. ನಾನೂ ಹೂಂ ಅಂದೆ. ಗಾದಿಯವನಿಗೆ ಮೆತ್ತಗಿರುವುದೆಲ್ಲ ಒಳ್ಳೆಯದೇ ಅನ್ನಿಸುತ್ತದೆ. ಮೆತ್ತಗಿನ ಮಣ್ಣು ಹೊಳೆ ತಂದು ಹಾಕಿದ್ದು, ಹೊಳೆಯೇ ಒಯ್ಯುವಂಥದ್ದು ಅಂತ ಅಷ್ಟು ಜನರಲ್ಲಿ ಒಬ್ಬರೂ ಯೋಚಿಸಲಿಲ್ಲ. ಹೊಳೆ ಆಗ ಬಂಡೆಗಳ ನಡುವೆ ಎಲ್ಲೋ ದೂರದಲ್ಲಿ ಹರಿಯುತ್ತಿತ್ತು.

ಮನೆಗೆ ಬಂದ ಮೇಲೆ ನನಗೆ ಅಳು ಬರಲಿಲ್ಲ. ಬರುತ್ತದೆ ಅಂತ ಕಾದೆ. ಬಂದವರು ನನ್ನ ಮುಖವನ್ನೇ ನೋಡುತ್ತಿದ್ದರು, ಅವರಿಗೋಸ್ಕರವಾದರೂ ನಾನು ಅಳಬೇಕಿತ್ತು ಅನ್ನಿಸಿ ನಾಚಿಕೆಯಾಗುತ್ತಿತ್ತು. ವಾರ ಕಳೆಯುವುದರೊಳಗೆ ಅವಳು ಮಲಗಿದ್ದ ಗಾದಿಯನ್ನು ಬಿಚ್ಚಿ, ಹತ್ತಿ ಒಣಗಿಸಿ, ಮಷೀನಿಗೆ ಹಾಕಿ ಹಿಂಜಿದೆ. ಹತ್ತಿ ಬೆಳ್ಳಗೆ ಉಬ್ಬಿ ಬಂತು. ಅದನ್ನು ದಿಂಬಿಗೆ ತುಂಬಿಸಿ ಮಸೀದಿಯಲ್ಲಿ ದಾರಿಹೋಕರು ತಂಗುವ ಮುಸಾಫಿರ ಖಾನೆಗೆ ಕೊಟ್ಟೆ. ಇದೆಲ್ಲ ಮಾಡುವಾಗ ನನಗೆ ಏನೂ ಅನ್ನಿಸಲಿಲ್ಲ. ಬೇರೆ ಯಾರದೋ ಗಾದಿ ಅನ್ನುವ ಹಾಗೆ ಕೈ ತನ್ನ ಪಾಡಿಗೆ ಕೆಲಸ ಮಾಡಿತು.

ಉಳಿದದ್ದು ಅವಳು ಹೊದ್ದಿದ್ದ ಕೌದಿ. ಎಣ್ಣೆಯ, ಔಷಧಿಯ ವಾಸನೆ ಅದಕ್ಕೆ ಹಿಡಿದಿತ್ತು. ಮಡಚಿ ಅಟ್ಟದ ಮೇಲಿಟ್ಟೆ. ನಲವತ್ತು ಆಗುವ ಹೊತ್ತಿಗೆ ಓಣಿಯ ಹೆಂಗಸರು ಕೇಳಿದರು, ಕೊಡ್ರಿ, ನಾವು ಒಗೆದುಕೊಂಡು ಬರುತ್ತೇವೆ ಅಂತ. ಹೊಳೆಗೆ ಇಳಿಯಲು ದಾರಿ ಎಲ್ಲಿದೆ, ದಾರಿ ಆದ ಮೇಲೆ ನೋಡೋಣ ಅಂದೆ. ಗೋಡೆ ಎಲ್ಲರ ಕಣ್ಣ ಮುಂದೆಯೇ ಇತ್ತಲ್ಲ, ಹೌದಲ್ಲ ಅಂದು ಹೋದರು. ಅಸಲಿಗೆ ಅದನ್ನು ಕೈಬಿಡಲು ನನಗೆ ಮನಸ್ಸಿರಲಿಲ್ಲ.

ಆ ಮಳೆಗಾಲ ಹೊಳೆ ತುಂಬಿ ಬಂತು. ಗೋಡೆ ಇರುವಷ್ಟು ದೂರ ದಂಡೆ ಅಲುಗಲಿಲ್ಲ. ಗೋಡೆಗೆ ಬಡಿದ ನೀರು ಅದು ಮುಗಿದ ಜಾಗದಲ್ಲಿ ಮಣ್ಣಿಗೆ ನುಗ್ಗಿತು. ಖಬರಸ್ತಾನದ ಬೇಲಿಯ ಕಲ್ಲುಗಳು ಒಂದೊಂದೇ ಉರುಳಿದವು. ನೀರಿಳಿದ ಮೇಲೆ ಹೋಗಿ ನೋಡಿದರೆ ಹೊಳೆಗೂ ಅವಳಿಗೂ ನಡುವೆ ಉಳಿದದ್ದು ಸ್ವಲ್ಪವೇ ಜಾಗ. ಅವಳ ಖಬರಿನ ಮೇಲೆ ನಾನು ನೆಟ್ಟಿದ್ದ ಸಬ್ಜಾ ಗಿಡ ಮಾತ್ರ ಮಳೆಗೆ ಚೆನ್ನಾಗಿ ಚಿಗುರಿತ್ತು.

ನಮಗಿರುವುದು ಒಬ್ಬಳೇ ಮಗಳು, ಕುರುಗೋಡಿಗೆ ಕೊಟ್ಟಿದ್ದೇವೆ. ಮಣ್ಣು ಮಾಡುವ ದಫನಿಗೆ ಹೆಂಗಸರು ಬರುವ ಪದ್ಧತಿ ಇಲ್ಲವಾದ್ದರಿಂದ ಅವಳು ಆ ಜಾಗ ನೋಡಿರಲಿಲ್ಲ. ದಂಡೆ ಕುಸಿದ ಸುದ್ದಿ ಕೇಳಿ ಬಂದವಳು ಬೇಲಿಯ ಹೊರಗಿನಿಂದಲೇ ನೋಡಿದಳು.

"ನೀವೆಲ್ಲಾ ಗಂಡಸರು ಕೂಡಿ ಅವ್ವನ್ನ ಹೊಳಿ ಬಾಯಾಗ ಇಟ್ಟು ಬಂದೀರಿ" ಅಂದಳು.

ಸಿಟ್ಟಿನಿಂದ ಅಂದದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಗೋಡೆಯನ್ನು ಮುಂದುವರಿಸಲು ಪಂಚಾಯ್ತಿಗೆ ಹೇಳು, ಮಸೀದಿಯ ಜಮಾತಿನವರನ್ನು ಕರೆದುಕೊಂಡು ಹೋಗು ಅಂತ ಅವಳು ಫೋನಿನಲ್ಲಿ ಮೇಲಿಂದ ಮೇಲೆ ಹೇಳುತ್ತಿದ್ದಳು. ಹೂಂ ಅನ್ನುತ್ತಿದ್ದೆ. ಆ ವರ್ಷ ನಾನು ಎಲ್ಲದಕ್ಕೂ ಹೂಂ ಅಂದವನೇ.

ಚಳಿಗಾಲ ಮುಗಿಯುವ ಹೊತ್ತಿಗೆ ಗ್ರಾಮಸಭೆ ಕರೆದರು. ಅನುದಾನದಲ್ಲಿ ಒಂದಿಷ್ಟು ಉಳಿದಿತ್ತು. ಇಂಜಿನಿಯರ್ ನಿಂತು ವಿವರಿಸಿದರು. ಉಳಿದ ದುಡ್ಡಿನಲ್ಲಿ ಗೋಡೆಯನ್ನು ಖಬರಸ್ತಾನ ದಾಟುವವರೆಗೆ ಕಟ್ಟಬಹುದು. ಇಲ್ಲವೇ ಇರುವ ಗೋಡೆಯನ್ನು ಒಂದು ಕಡೆ ಒಡೆದು, ನೀರಿನವರೆಗೆ ಮೆಟ್ಟಿಲು ಕಟ್ಟಿ, ಜನಕ್ಕೆ ಓಡಾಡಲು ದಾರಿ ಮಾಡಬಹುದು. ಎರಡೂ ಆಗುವುದಿಲ್ಲ, ಮುಂದಿನ ಅನುದಾನ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ, ಊರವರೇ ತೀರ್ಮಾನ ಮಾಡಿ ಅಂದು ಕೂತರು.

ಹಿಂದೆ ಕೂತಿದ್ದ ಹೆಂಗಸರಲ್ಲಿ ಗುಸುಗುಸು ಎದ್ದಿತು, ಎದ್ದು ಮಾತಾಡುವವರು ಯಾರೂ ಇಲ್ಲ. ಅವರಿಗೆ ಮೆಟ್ಟಿಲು ಬೇಕಿತ್ತು. ಎಷ್ಟು ಜನ ಗೋಡೆ ಸುತ್ತಿಹೋಗಿ ದಂಡೆ ಇಳಿಯುವಾಗ ಜಾರಿ ಬಿದ್ದಿದ್ದರೋ. ಆದರೆ ಖಬರಿನ ಎದುರು ಮೆಟ್ಟಿಲು ಕೇಳುವುದು ಹೇಗೆ? ಜಮಾತಿನ ಹಿರಿಯರು ಒಂದು ಮಾತು ಹೇಳಿದರು. ಹೊಳೆಯ ಕಡೆಯ ಸಾಲಿನಲ್ಲಿ ಇರುವವೆಲ್ಲ ಬಹಳ ಹಳೆಯ ಖಬರುಗಳು, ಅವರ ಕಡೆಯವರು ಯಾರೂ ಊರಲ್ಲಿಲ್ಲ. ಹೊಸದು ಅಂತ ಇರುವುದು ಒಂದೇ. ಆ ಮನೆಯವರು ಹೇಳಿದ್ದಕ್ಕೆ ಜಮಾತಿನ ಒಪ್ಪಿಗೆ ಇದೆ ಅಂದರು. ಇಡೀ ಸಭೆ ನನ್ನ ಕಡೆ ತಿರುಗಿತು. ಪಂಚಾಯ್ತಿ ಅಧ್ಯಕ್ಷೆ ನನ್ನ ಹೆಂಡತಿಯ ಜೊತೆ ಎಷ್ಟೋ ಸಲ ಕೌದಿ ಒಗೆದವಳು. ನನ್ನ ಮುಖ ನೋಡಲಾಗದೆ ಮೇಜಿನ ಮೇಲಿನ ನೀರಿನ ಬಾಟಲಿ ನೋಡುತ್ತ ಕೇಳಿದಳು.

"ಅಣ್ಣಾ, ನೀವ ಹೇಳ್ರಿ. ನಾವು ಏನೂ ತಿಳ್ಕಳಂಗಿಲ್ಲ."

ಮಗಳು ಹೇಳಿಕೊಟ್ಟ ಮಾತೆಲ್ಲ ನನ್ನ ಬಾಯಲ್ಲಿ ಇತ್ತು. ಗೋಡೆ ಅನ್ನಲು ಹೊರಟವನಿಗೆ ಆ ಸಂಜೆ ಗೋಡೆಗೆ ಕೈಯಾನಿಸಿ ನಿಂತವಳು ಕಂಡಳು. ಬೇರೇನೂ ಕಾಣಲಿಲ್ಲ.

"ಮೆಟ್ಲ ಕಟ್ರಿ" ಅಂದೆ.

ಸಭೆ ಮುಗಿಯಿತು. ಹಿಂದೆ ಯಾರೋ ಹೆಂಗಸು ಅಳುತ್ತಿದ್ದಳು. ನಾನು ಎದ್ದು ಬಸ್ಸು ಹಿಡಿದು ಅಂಗಡಿಗೆ ಹೋಗಿ ಅರ್ಧಕ್ಕೆ ಬಿಟ್ಟಿದ್ದ ಗಾದಿಗೆ ಹೊಲಿಗೆ ಹಾಕಿದೆ.

ನಾನು ಹೇಳುವ ಮುಂಚೆಯೇ ಸುದ್ದಿ ಕುರುಗೋಡು ಮುಟ್ಟಿತ್ತು. ಮಗಳು ಫೋನು ಮಾಡಿ, ಅವ್ವ ಇದ್ದಾಗ ಅವಳಿಗೊಂದು ಗಾದಿ ತುಂಬಿ ಕೊಡಲಿಲ್ಲ, ಸತ್ತ ಮೇಲೆ ಒಂದು ಗೋಡೆನೂ ಕೊಡಲಿಲ್ಲ ಅಂತ ಇಟ್ಟುಬಿಟ್ಟಳು. ಆಮೇಲೆ ಅವಳ ಫೋನು ಬರಲಿಲ್ಲ, ನಾನು ಮಾಡಿದರೆ ಅಳಿಯ ಎತ್ತುತ್ತಿದ್ದ. ಹೆಂಡತಿ ಹೋದ ವರ್ಷಕ್ಕೆ ಓದಿಸುವ ಫಾತಿಹಾಕ್ಕೂ ಅವನೊಬ್ಬನೇ ಬಂದು ಹೋದ. ಅವನು ಒಳ್ಳೆಯವನು, ಬಸ್ಸು ರಷ್ ಇತ್ತು ಅಂತ ಏನೋ ಹೇಳಿದ. ಕುರುಗೋಡಿನ ಬಸ್ಸು ಯಾವತ್ತು ರಷ್ ಇರಲಿಲ್ಲ?

ಬೇಸಿಗೆಯಲ್ಲಿ ಮೆಟ್ಟಿಲು ಮುಗಿಯಿತು. ಅಗಲವಾದ ಕಲ್ಲಿನ ಮೆಟ್ಟಿಲು, ನಡುವೆ ಹಿಡಿದುಕೊಳ್ಳಲು ಕಬ್ಬಿಣದ ಸರಳು. ಬೆಳಿಗ್ಗೆ ಹೆಂಗಸರು ಸಾಲಾಗಿ ಇಳಿಯತೊಡಗಿದರು. ಎಮ್ಮೆಗಳೂ ಇಳಿದವು, ಅದಕ್ಕೆ ಜಗಳವೂ ಆಯಿತು. ಸಂಜೆ ವಯಸ್ಸಾದವರು ಬಂದು ಕೂರುತ್ತಿದ್ದರು. ಎಲ್ಲರೂ ನನ್ನನ್ನು ಕಂಡಾಗ ಒಂದು ಥರ ಗೌರವದಿಂದ ಮಾತಾಡಿಸುತ್ತಿದ್ದರು, ಅದು ನನಗೆ ಹಿಂಸೆಯಾಗುತ್ತಿತ್ತು. ಇಳಿಯಲು ದಾರಿ ಇಲ್ಲ ಅನ್ನುವ ನೆಪವೂ ಈಗ ಇರಲಿಲ್ಲ. ಕೌದಿ ಮಾತ್ರ ಅಟ್ಟದಿಂದ ಇಳಿಯಲಿಲ್ಲ.

ಮತ್ತೆ ಮಳೆಗಾಲ ಬಂತು. ಡ್ಯಾಮಿನಿಂದ ನೀರು ಬಿಡುತ್ತಾರೆ, ದಂಡೆಯವರು ಹುಷಾರಾಗಿರಿ ಅಂತ ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರಿದರು. ಮರುದಿನ ಬೆಳಿಗ್ಗೆ ಖಬರಸ್ತಾನಕ್ಕೆ ಹೋದೆ. ಕೆಂಪು ಹೊಸ ನೀರು ದಂಡೆಯ ಬುಡಕ್ಕೆ ಬಂದಿತ್ತು. ಅವಳು ಇನ್ನೂ ಇದ್ದಳು. ತಲೆಯ ಕಡೆ ಒಂದು ಕೌದಿ ಹಾಸುವಷ್ಟು ಜಾಗ ಉಳಿದಿತ್ತು, ಅಷ್ಟೇ. ಈ ವರ್ಷ ಹೋಗದಿದ್ದರೆ ಮುಂದಿನ ವರ್ಷ. ಅಲ್ಲಿ ನಿಂತು ನಾನು ಮಾಡುವಂಥದ್ದು ಏನೂ ಇರಲಿಲ್ಲ. ಮನೆಗೆ ಬಂದು ಏಣಿ ಹಾಕಿ ಅಟ್ಟದಿಂದ ಕೌದಿ ಇಳಿಸಿದೆ.

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ, ನೀರು ಏರುತ್ತದೆ ಅಂತ ಹೆಂಗಸರು ಬಂದಿರಲಿಲ್ಲ. ನೀರು ಮೆಟ್ಟಿಲುಗಳ ಅರ್ಧದವರೆಗೆ ಬಂದು ಮಂದವಾಗಿ ಹರಿಯುತ್ತಿತ್ತು. ಕೌದಿಯನ್ನು ಬಿಡಿಸಿ ನೀರಿನಲ್ಲಿ ಅದ್ದಿದೆ, ಸೋಡಾ ಹಾಕಿ ತುಳಿದೆ. ಹೆಂಗಸರು ಮಾಡುವುದನ್ನು ದೂರದಿಂದ ನೋಡಿದ್ದೆನೇ ಹೊರತು ಒಂದು ದಿನವೂ ಮಾಡಿರಲಿಲ್ಲ. ಜಾಲಾಡಿಸಿ ಎತ್ತಲು ಹೋದರೆ ಮೇಲಕ್ಕೆ ಬರಲಿಲ್ಲ. ಒದ್ದೆ ಕೌದಿ ಅಷ್ಟು ಭಾರವಿರುತ್ತದೆ ಅಂತ ಗೊತ್ತಿರಲಿಲ್ಲ. ಒಂದು ತುದಿ ಎತ್ತಿದರೆ ಇನ್ನೊಂದು ತುದಿಯನ್ನು ನೀರು ಎಳೆಯುತ್ತಿತ್ತು. ಇದೊಂದು ಕೆಲಸವೂ ನನ್ನಿಂದ ಆಗಲಿಲ್ಲವಲ್ಲ ಅನ್ನಿಸಿತು.

ಮೇಲೆ ಗೋಡೆ ಒಡೆದ ಜಾಗದಲ್ಲಿ ಮಗಳು ನಿಂತಿದ್ದಳು. ನೀರು ಬಿಟ್ಟ ಸುದ್ದಿ ಕೇಳಿ ಮೊದಲ ಬಸ್ಸಿಗೇ ಬಂದಿದ್ದಳು. ಖಬರಸ್ತಾನದ ಬೇಲಿಯ ತನಕ ಹೋಗಿ ಬಂದಿರಬೇಕು, ಚಪ್ಪಲಿಗೆಲ್ಲ ಕೆಸರು. ನನ್ನನ್ನು ನೋಡಿದಳು, ನೀರಲ್ಲಿದ್ದ ಕೌದಿಯನ್ನು ನೋಡಿದಳು. ಅದನ್ನು ಗುರುತು ಹಿಡಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ, ಅವಳ ಲಂಗದ ಬಟ್ಟೆಯೂ ಅದರಲ್ಲಿತ್ತು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು, ಸರಳು ಹಿಡಿದು ಇಳಿದು ಬಂದಳು. ಇನ್ನೊಂದು ತುದಿಯನ್ನು ಹಿಡಿದು ಎತ್ತಿದಳು.

ಇಬ್ಬರೂ ಎದುರುಬದುರು ನಿಂತು ಹಿಂಡತೊಡಗಿದೆವು. ಅವಳು ತಿರುವಿದ ಕಡೆಗೇ ನಾನೂ ತಿರುವುತ್ತಿದ್ದೆ, ಕೌದಿ ಹಗ್ಗದಂತೆ ಸುಮ್ಮನೆ ಸುತ್ತುತ್ತಿತ್ತು, ಹನಿ ನೀರು ಬೀಳುತ್ತಿರಲಿಲ್ಲ. ಅವಳು ನಿಲ್ಲಿಸಿದಳು.

"ನೀನೂ ನಿನ್ನ ಬಲಕ್ಕ ತಿರುವು, ಅಪ್ಪಾ. ಅವ್ವ ಹಂಗ ತಿರುವ್ತಿದ್ಲು."

ತಿರುವಿದೆ. ಕೌದಿ ಬಿಗಿಯಾಯಿತು, ನೀರು ಧಾರೆಯಾಗಿ ಇಳಿಯಿತು. ಮೊದಲು ಕಂದು ಬಣ್ಣ, ಎಣ್ಣೆಯ ಜಿಡ್ಡು, ಅದರ ಜೊತೆ ಆ ಔಷಧಿಯ ವಾಸನೆ ಒಮ್ಮೆಗೇ ಮುಖಕ್ಕೆ ಬಂತು. ಆಗ ನನಗೆ ಅಳು ಬಂತು. ವರ್ಷ ದಾಟಿದ ಮೇಲೆ, ಮೊಣಕಾಲುಮಟ್ಟ ನೀರಲ್ಲಿ, ಮಗಳ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತೆ. ಕೈ ಸಡಿಲವಾಯಿತು. ನನ್ನ ತುದಿ ಜಾರಿ ನೀರಿಗೆ ತಾಗಿತು. ಅವಳೂ ಅಳುತ್ತಿದ್ದಳು, ಆದರೆ ಅವಳ ಕೈ ಗಟ್ಟಿ ಇತ್ತು.

"ಬಿಗಿ ಹಿಡಿ ಅಪ್ಪಾ" ಅಂದಳು. "ಬಿಟ್ರ ಹೊಳಿ ಒಯ್ತೈತಿ."

ನಾನು ಬಿಗಿಯಾಗಿ ಹಿಡಿದೆ.