ಅಡುಗೆಭಟ್ಟನ ಪಥ್ಯ

ಮದುವೆ ಮನೆಯಲ್ಲಿ ಊರಿಗೆಲ್ಲ ಬೇಯಿಸಿ ಹಾಕುವವನು ಹಸಿದುಕೊಂಡಿದ್ದಾನೆ ಎಂದರೆ ಯಾರು ನಂಬುತ್ತಾರೆ? ಅದರಲ್ಲೂ ನನ್ನ ಗಾತ್ರದವನು ಆ ಮಾತು ಹೇಳಿದರೆ ಎದುರಿಗಿದ್ದವರಿಗೆ ನಗು ಬರುತ್ತದೆ. ನಕ್ಕವರನ್ನು ಬೇಕಾದಷ್ಟು ನೋಡಿದ್ದೇನೆ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ವರ್ಷ, ಮಾಘದಿಂದ ವೈಶಾಖದವರೆಗೆ ನಾನು ಪಟ್ಟ ಹಸಿವು ನನ್ನ ಶತ್ರುವಿಗೂ ಬೇಡ. ಶತ್ರು ಅಂತ ನನಗೆ ಯಾರೂ ಇಲ್ಲ, ಆ ಮಾತು ಬೇರೆ.

ಆಗ ನಮ್ಮ ವಾಸ ಶಿಕಾರಿಪುರದಲ್ಲಿ. ಮದುವೆ, ಮುಂಜಿ, ಸಮಾರಾಧನೆ ಎಲ್ಲಿದ್ದರೂ ನನಗೆ ಕರೆ ಬರುತ್ತಿತ್ತು. ತೊಗರ್ಸಿಯಿಂದ ಸೊರಬದ ಆಚೆಯ ಹಳ್ಳಿಗಳವರೆಗೆ ನಾನು ಒಲೆ ಹೂಡದ ಅನುಕೂಲಸ್ಥರ ಮನೆ ಕಡಿಮೆ. ಪೇಟೆಯಲ್ಲಿ ಜನ ನನ್ನನ್ನು ಹೊಟ್ಟೆಯಿಂದಲೇ ಗುರುತಿಸುತ್ತಿದ್ದರು. "ಭಟ್ರ ಹೊಟ್ಟೆ ನೋಡಿದ್ರೆ ಸಾಕು ಬಿಡ್ರಿ, ಕೈರುಚಿ ಎಂಥಾದ್ದು ಅಂತ ಬೇರೆ ಕೇಳೋದೇ ಬ್ಯಾಡ" ಎನ್ನುತ್ತಿದ್ದರು. ನನಗೂ ಅದು ಹೆಮ್ಮೆಯೇ ಆಗಿತ್ತು. ಅಂಗಡಿಯವನಿಗೆ ಬೋರ್ಡು ಇರುವ ಹಾಗೆ ನನಗೆ ಹೊಟ್ಟೆ ಇತ್ತು.

ಒಂದು ಮುಂಜಿಯ ಮನೆಯಲ್ಲಿ ಅನ್ನದ ಕೊಪ್ಪರಿಗೆ ಇಳಿಸುವಾಗ ಕೆಳಹೊಟ್ಟೆಯಲ್ಲಿ ಏನೋ ಹರಿದ ಹಾಗಾಯಿತು. ಸಂಜೆ ಸ್ನಾನಕ್ಕೆ ಹೋದಾಗ ನೋಡಿಕೊಂಡರೆ ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದರೆ ಬರುತ್ತಿತ್ತು. ಇಂಥ ಜಾಗದ ಕಾಯಿಲೆಯನ್ನು ಯಾರಿಗೆ ಹೇಳುವುದು? ನಾಚಿಕೆಯಿಂದ ಸುಮ್ಮನಿದ್ದೆ. ಅದು ಬೆಳೆಯಿತು. ಕೊನೆಗೆ ಹೆಂಡತಿಯೇ ಗಮನಿಸಿ, ಜಗಳವಾಡಿ, ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ನೋಡಿ, "ಹರ್ನಿಯಾ ಇದು. ಕರುಳು ಹೊರಗೆ ನುಗ್ತಾ ಇದೆ. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿಸ್ಬೇಕು. ಆದ್ರೆ ಈ ಹೊಟ್ಟೆ ಹೊತ್ಕೊಂಡು ಹೋದ್ರೆ ಅವ್ರು ಕೈ ಹಚ್ಚಲ್ಲ. ಇಷ್ಟು ಕೊಬ್ಬಿದ್ರೆ ಹೊಲಿಗೆ ನಿಲ್ಲೋದಿಲ್ಲ ರೀ" ಎಂದರು.

"ಇಳಿಸದೇ ಇದ್ರೆ?" ಎಂದು ಕೇಳಿದವಳು ನನ್ನ ಹೆಂಡತಿ.

"ಕರುಳು ಅಲ್ಲೇ ಸಿಕ್ಕಿಹಾಕ್ಕೊಂಡ್ರೆ ಶಿವಮೊಗ್ಗ ಮುಟ್ಟೋಕೂ ಪುರಸೊತ್ತು ಇರಲ್ಲಮ್ಮ."

ಆಮೇಲೆ ಅವರು ನನ್ನ ಉಡಿದಾರದೊಳಗೆ ಬೆರಳು ತೂರಿಸಲು ನೋಡಿದರು. ಆ ದಾರ ಸೊಂಟದ ಮಾಂಸದಲ್ಲಿ ಹೂತುಹೋಗಿತ್ತು, ಕಿರುಬೆರಳೂ ಹೋಗಲಿಲ್ಲ. "ಇದ್ರೊಳಗೆ ನನ್ನ ಅಂಗೈ ಸಲೀಸಾಗಿ ಹೋಗೋ ಹಾಗಾಗ್ಲಿ, ಅವತ್ತೇ ಚೀಟಿ ಬರ್ದು ಕೊಡ್ತೀನಿ. ಮಳೆ ಹಿಡಿಯೋದ್ರೊಳಗೆ ಆಗ್ಬೇಕು. ಮಳೆಗಾಲದಲ್ಲಿ ಕೆಮ್ಮು ಹತ್ತಿದ್ರೆ ಹೊಲಿಗೆ ಬಿಚ್ಕೊಳ್ತದೆ" ಎಂದರು. ಅನ್ನ ಬಿಡಬೇಕು, ತುಪ್ಪ, ಬೆಲ್ಲ, ಕರಿದದ್ದು ಮುಟ್ಟಬಾರದು, ಒಣ ಜೋಳದ ರೊಟ್ಟಿ, ಸೊಪ್ಪು, ನೀರುಮಜ್ಜಿಗೆ ಇಷ್ಟೇ ಎಂದು ಹೇಳಿ ಕಳಿಸಿದರು.

ನಾನು ಇದನ್ನು ಬರೆಯಲು ಉಳಿದಿದ್ದೇನೆ, ಅಂದಮೇಲೆ ಎಂದೋ ಒಂದು ದಿನ ಆ ಆಪರೇಷನ್ ಆಯಿತು ಎಂದು ನಿಮಗೆ ಗೊತ್ತಾಗಿರುತ್ತದೆ. ಆಗ ನನಗೆ ಅದು ಗೊತ್ತಿರಲಿಲ್ಲ. ನನ್ನ ಹೆಂಡತಿಗಂತೂ ಗೊತ್ತೇ ಇರಲಿಲ್ಲ. ಅವಳ ಅಕ್ಕ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಅಣ್ಣನ ಮನೆಯ ಹಿತ್ತಿಲ ಕೋಣೆಯಲ್ಲಿ ದಿನ ತಳ್ಳುತ್ತಿದ್ದಳು. ಆಸ್ಪತ್ರೆಯಿಂದ ಬಂದ ಕೂಡಲೇ ನನ್ನ ಹೆಂಡತಿ ಮನೆಯ ಬಾಗಿಲು ಹಾಕಿ, "ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಕಟ್ರಿ. ಅಕ್ಕನ ಹಾಗೆ ನನ್ನ ಮಾಡಬ್ಯಾಡ್ರಿ" ಎಂದಳು. ನಾನು ಆಣೆ ಮಾಡಿದೆ. ಆಣೆ ಮಾಡುವಾಗ ಹೊಟ್ಟೆ ತುಂಬಿತ್ತು.

ಮೊದಲ ವಾರ ಹೇಗೋ ಕಳೆಯಿತು. ಆಮೇಲೆ ಶುರುವಾಯಿತು ನೋಡಿ. ಹುಟ್ಟಿದಾಗಿನಿಂದ ಅನ್ನ ಉಂಡವನಿಗೆ ರೊಟ್ಟಿ ತಿಂದರೆ ಊಟ ಆಯಿತು ಅನ್ನಿಸುವುದೇ ಇಲ್ಲ. ತಿಂದು ಕೈ ತೊಳೆದ ಮೇಲೂ ಇನ್ನೇನು ಬಡಿಸುತ್ತಾರೆ ಎಂದು ಮೈ ಕಾಯುತ್ತಿತ್ತು. ಬೆಳಿಗ್ಗೆ ಎದ್ದ ಕ್ಷಣದಿಂದ ತಲೆಯಲ್ಲಿ ಒಂದೇ ಯೋಚನೆ. ದೇವರ ಮುಂದೆ ಕೂತರೆ ಮಂತ್ರದ ಮಧ್ಯೆ ನೈವೇದ್ಯದ ಸಕ್ಕರೆ ಕಾಣುತ್ತಿತ್ತು. ಲವಂಗ ಅಗಿದರೆ ಹಸಿವು ಸಾಯುತ್ತದೆ ಎಂದು ಯಾರೋ ಹೇಳಿದರು, ಬಾಯಿ ಉರಿಯುವವರೆಗೆ ಅಗಿದೆ. ಎಲೆ ಅಡಿಕೆ ಹಾಕಿಕೊಂಡು ಹಾಕಿಕೊಂಡು ನಾಲಿಗೆ ದಪ್ಪವಾಯಿತು. ಬಿಸಿನೀರು ಕುಡಿದೆ. ಒದ್ದೆ ಪಂಚೆಯನ್ನು ಹೊಟ್ಟೆಗೆ ಬಿಗಿದು ಮಲಗಿದೆ. ಹೊಟ್ಟೆ ಯಾವುದಕ್ಕೂ ಮೋಸ ಹೋಗಲಿಲ್ಲ, ನನ್ನನ್ನು ಬೈಯುತ್ತಲೇ ಇತ್ತು.

ನಡೆದರೆ ಮರೆತೀತು ಎಂದು ಸಂಜೆ ಕೆರೆ ಏರಿಯ ಮೇಲೆ ಹೋಗುತ್ತಿದ್ದೆ. ಏರಿಗೆ ಹೋಗಲು ಬಸ್ ಸ್ಟ್ಯಾಂಡ್ ದಾಟಬೇಕು, ಅಲ್ಲಿ ಹೋಟೆಲು. ಕಾವಲಿಯ ಮೇಲೆ ದೋಸೆ ಚುಂಯ್ ಎಂದ ಸದ್ದಿಗೆ ನನ್ನ ಕಾಲು ತಾನೇ ನಿಲ್ಲುತ್ತಿತ್ತು. ಒಂದು ಸಂಜೆ ಎಷ್ಟು ಹೊತ್ತು ನಿಂತಿದ್ದೆನೋ, ಒಳಗಿದ್ದ ಗಿರಾಕಿಯೊಬ್ಬ ತಿನ್ನುವುದು ನಿಲ್ಲಿಸಿ ತಟ್ಟೆಯನ್ನು ಆ ಕಡೆ ತಿರುಗಿಸಿಕೊಂಡ. ದೃಷ್ಟಿ ತಾಗುತ್ತದೆ ಎಂದು. ಅವನ ತಪ್ಪೇನಿಲ್ಲ, ನಾನೇ ಆಗಿದ್ದರೂ ತಿರುಗಿಸಿಕೊಳ್ಳುತ್ತಿದ್ದೆ. ಆದರೆ ಆವತ್ತು ಕೆರೆ ಏರಿಯ ಮೇಲೆ ಕೂತು, ಮೀಸೆ ಬಂದ ಗಂಡಸು, ದೋಸೆಗಾಗಿ ಅತ್ತೆ.

ಮೈ ಇಳಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಉಡಿದಾರದೊಳಗೆ ಒಂದು ಬೆರಳು ಹೋಯಿತು, ಯುಗಾದಿ ಹೊತ್ತಿಗೆ ಎರಡು. ಹೆಂಡತಿ ದಿನಾ ಬೆಳಿಗ್ಗೆ ತಾನೇ ಬೆರಳು ತೂರಿಸಿ ನೋಡುತ್ತಿದ್ದಳು. ಸಡಿಲ ಕಂಡರೆ ಆ ದಿನವೆಲ್ಲ ಅವಳ ಮುಖ ಅರಳಿರುತ್ತಿತ್ತು. ನನಗೋ ಅವಳನ್ನು ಕಂಡರೆ ಸಿಟ್ಟು. ಅವಳು ಉಣ್ಣುವ ಸದ್ದು ಕೇಳಿದರೆ ಸಿಟ್ಟು. ಹಸಿವು ಮನುಷ್ಯನನ್ನು ಸಾಧುವಾಗಿಸುತ್ತದೆ ಎನ್ನುವವರು ನಮ್ಮ ಮನೆಗೆ ಬಂದು ನೋಡಬೇಕಿತ್ತು.

ಇದರ ನಡುವೆ ಲಗ್ನದ ಕಾಲ ಬಂತು. ಒಲ್ಲೆ ಎಂದರೆ ಮನೆ ನಡೆಯಬೇಕಲ್ಲ? ಕೊಪ್ಪರಿಗೆ ಎತ್ತಲಾರದ ಅಡುಗೆಯವನು ಎಂದು ಒಬ್ಬರ ಬಾಯಿಗೆ ಬಿದ್ದರೆ ಮುಗಿಯಿತು, ಮುಂದಿನ ವರ್ಷಕ್ಕೆ ಯಾರೂ ಕರೆಯುವುದಿಲ್ಲ. ಅದಕ್ಕೇ ಕಾಯಿಲೆಯ ವಿಷಯ ನನ್ನ ಸಹಾಯಕರಿಗೂ ಹೇಳಿರಲಿಲ್ಲ. ಭಾರ ಎತ್ತುವಾಗ ಏನಾದರೂ ನೆಪ ಹೇಳಿ ಅವರ ಕೈಗೆ ದಾಟಿಸುತ್ತಿದ್ದೆ. ನೈವೇದ್ಯಕ್ಕೆ ಮೊದಲು ನಾವು ಏನನ್ನೂ ಬಾಯಿಗೆ ಹಾಕುವಂತಿಲ್ಲ, ಉಪ್ಪು ಹುಳಿಯನ್ನು ವಾಸನೆಯಲ್ಲೇ ತಿಳಿಯಬೇಕು. ಹಸಿದಾಗ ಮೂಗು ಎಷ್ಟು ಚುರುಕಾಗುತ್ತದೆ ಎಂದರೆ, ಹೂರಣಕ್ಕೆ ಏಲಕ್ಕಿ ಬಿದ್ದದ್ದು ನನಗೆ ಅಂಗಳದಾಚೆಗೂ ಗೊತ್ತಾಗುತ್ತಿತ್ತು. ನನ್ನ ಕೈ ಅಡುಗೆ ಆ ವರ್ಷದಷ್ಟು ಚೆನ್ನಾಗಿ ಎಂದೂ ಆಗಿರಲಿಲ್ಲ ಎಂದು ಈಗಲೂ ಹೇಳುವವರಿದ್ದಾರೆ.

ವೈಶಾಖದ ಕೊನೆಗೆ ಸೊರಬದಲ್ಲಿ ಒಂದು ಮದುವೆ. ಹೆಣ್ಣಿನ ಮನೆಯವರು ಅಡಿಕೆ ತೋಟದ ಸ್ಥಿತಿವಂತರು, ಬೀಗರು ಚಂದ್ರಗುತ್ತಿ ಕಡೆಯವರು. ಹೊರಡುವ ದಿನ ಬೆಳಿಗ್ಗೆ ಉಡಿದಾರದೊಳಗೆ ಹೆಂಡತಿಯ ಬೆರಳುಗಳು ಬುಡದವರೆಗೂ ಹೋಗಿದ್ದವು. "ಇನ್ನೊಂದು ವಾರ ತಡ್ಕೊಳ್ರಿ, ಬರೋ ಸೋಮವಾರ ಡಾಕ್ಟರ ಹತ್ರ ಹೋಗೋಣ" ಎಂದು ಅವಳು ಬಾಗಿಲವರೆಗೆ ಬಂದು ಕಳಿಸಿದಳು.

ಮದುವೆಯ ದಿನ ಧಾರೆ ಮುಗಿದು ಮೊದಲ ಪಂಕ್ತಿ ಎದ್ದಿತು. ಎರಡನೆಯದು ಬೀಗರ ಪಂಕ್ತಿ, ಎಲೆ ಹಾಕುತ್ತಿದ್ದರು. ಬೆಳಗಿನ ಜಾವದಿಂದ ದುಡಿದ ಸಹಾಯಕರಿಗೆ ಆ ಬಿಡುವಿನಲ್ಲಿ ಅಡುಗೆ ಚಪ್ಪರದ ಮೂಲೆಯಲ್ಲಿ ಬಡಿಸಿ, ನಾನು ಒಂದು ಲೋಟ ನೀರುಮಜ್ಜಿಗೆ ಹಿಡಿದು ಕೂತಿದ್ದೆ. ಆಗ ವರನ ಸೋದರಮಾವ ಬಿಸಿನೀರು ಕೇಳಿಕೊಂಡು ಒಳಗೆ ಬಂದರು. ದೊಡ್ಡ ರುಮಾಲಿನ ಹಿರಿಯರು, ಬೀಗರ ಕಡೆ ಅವರದೇ ಮಾತು.

"ಎಂತ ಭಟ್ರೇ, ಎಲ್ಲರಿಗೂ ಬಡ್ಸಿ ನೀವ್ಯಾಕೆ ಮಜ್ಜಿಗೆ ಕುಡೀತಾ ಕೂತೀರಿ? ನಿನ್ನೆ ರಾತ್ರೀನೂ ನೋಡ್ದೆ, ನೀವು ಎಲೆ ಮುಂದೆ ಕೂರ್ಲೇ ಇಲ್ಲ."

ಹರ್ನಿಯಾ ಎನ್ನಲು ಬಾಯಿ ಬರಲಿಲ್ಲ. ತೊಡೆಸಂದಿಯ ಕಾಯಿಲೆಯವನು ದೇವರ ಅಡುಗೆ ಮುಟ್ಟಿದ್ದಾನೆ ಎಂದು ಹಿಡಿದುಕೊಂಡರೆ? ಥಟ್ಟನೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಏನಿಲ್ಲ ರೀ, ಹೊಟ್ಟೆ ಸ್ವಲ್ಪ ಸರಿಯಿಲ್ಲ."

ಮದುವೆ ಮನೆಯ ಅಡುಗೆಯವನು ಆಡಬಾರದ ಮಾತು ಯಾವುದಾದರೂ ಇದ್ದರೆ ಅದು ಅದೇ. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಹುಳಿಯ ಕೊಪ್ಪರಿಗೆ ನೋಡಿದರು, ಬಿಸಿನೀರನ್ನೂ ಒಯ್ಯದೆ ಹೊರಗೆ ಹೋದರು.

ಅಷ್ಟರಲ್ಲಿ ಎಲೆಗಳಿಗೆ ಅನ್ನ ಬಿದ್ದು ತುಪ್ಪವೂ ಬಿದ್ದಿತ್ತು. ಒಬ್ಬರೂ ಕೈ ಹಾಕಲಿಲ್ಲ. ಅಡುಗೆಯವನೇ ಉಣ್ಣುತ್ತಿಲ್ಲ, ಅವನಿಗೇ ಹೊಟ್ಟೆ ಕೆಟ್ಟಿದೆಯಂತೆ, ಹುಳಿಗೆ ಹಲ್ಲಿ ಬಿದ್ದಿರಬೇಕು ಎಂಬ ಗುಸುಗುಸು ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ಮೊದಲ ಪಂಕ್ತಿಯಲ್ಲಿ ಉಂಡವರೂ ಹೊಟ್ಟೆ ಮುಟ್ಟಿ ನೋಡಿಕೊಳ್ಳತೊಡಗಿದರು. ಬೀಗರು ಎಲೆ ಬಿಟ್ಟು ಏಳುವುದೆಂದರೆ ಸಣ್ಣ ಮಾತೇ? ಹುಡುಗಿ ಇನ್ನೂ ಧಾರೆ ಸೀರೆಯಲ್ಲೇ ಇದ್ದಾಳೆ.

ಹುಡುಗಿಯ ತಂದೆ ಅಡುಗೆ ಚಪ್ಪರಕ್ಕೆ ಓಡಿ ಬಂದರು. ನನಗಿಂತ ಎಷ್ಟೋ ದೊಡ್ಡವರು, ಕೈ ಮುಗಿದು ನಿಂತರು. "ಭಟ್ರೇ, ಏನೂ ಕೇಳಲ್ಲ ನಾನು. ಬಂದು ಅವ್ರೆದುರಿಗೆ ಒಂದೆಲೆ ಉಂಡುಬಿಡಿ. ನನ್ನ ಮಗಳ ಬಾಳು ನಿಮ್ಮ ಕೈಲಿ ಅದೆ."

"ಸ್ವಾಮಿ, ನನಗೆ ಡಾಕ್ಟರು..." ಎಂದು ಶುರು ಮಾಡಿದೆ. ಡಾಕ್ಟರು ಎಂಬ ಮಾತು ಕೇಳಿ ಅವರ ಮುಖ ಇನ್ನೂ ಬಿಳಿಚಿಕೊಂಡಿತು. ಬಾಯಿ ಮುಚ್ಚಿ ಎದ್ದೆ.

ಪಂಕ್ತಿಯ ನಡುವೆ ಎಲ್ಲರಿಗೂ ಕಾಣುವಂತೆ ನನಗೆ ಎಲೆ ಹಾಕಿದರು. ಹುಡುಗಿಯ ತಂದೆ ತಾವೇ ಬಡಿಸಿದರು. ಅನ್ನ, ತೊವ್ವೆ, ತುಪ್ಪ. ತಿಂಗಳುಗಳ ಮೇಲೆ ಮೊದಲ ತುತ್ತು ಬಾಯಿಗಿಟ್ಟೆ. ಅದು ಎಷ್ಟು ರುಚಿಯಾಗಿತ್ತು ಎಂದು ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ. ಕಣ್ಣಲ್ಲಿ ನೀರು ದಳದಳ ಸುರಿಯಿತು. ಸೋದರಮಾವ ಅನುಮಾನದಿಂದ ನೋಡಿದರು, "ಸ್ವಲ್ಪ ಖಾರ" ಎಂದೆ. ಅವರು ನಕ್ಕು ಅನ್ನ ಕಲಸಿದರು. ಸಾಲಿನುದ್ದಕ್ಕೂ ಕೈಗಳು ಎಲೆಗಿಳಿದವು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಎದ್ದು ಬರಬಹುದಾಗಿತ್ತು. ಏಳಲಿಲ್ಲ. ಹೋಳಿಗೆ ಬಂತು, ಹಾಕಿಸಿಕೊಂಡೆ. ಮತ್ತೆ ಬಂತು, ಮತ್ತೆ ಹಾಕಿಸಿಕೊಂಡೆ. ಪಂಕ್ತಿ ಎದ್ದ ಮೇಲೆ ಒಳಗೆ ಬಂದು ಒಲೆಯ ಪಕ್ಕ ನಿಂತುಕೊಂಡೇ ತಿಂದೆ. ಸಂಜೆಯ ತಿಂಡಿಗೂ ತಿಂದೆ, ಮಾರನೆಯ ಬೆಳಿಗ್ಗೆಯೂ ತಿಂದೆ. ಮದುವೆ ಮುಗಿದ ಮೇಲೂ ಇನ್ನೆರಡು ದಿನ ಅವರ ಮನೆಯ ದೇವಕಾರ್ಯಕ್ಕೆಂದು ಉಳಿದೆ, ಆ ಎರಡು ದಿನವೂ ತಿಂದೆ. ಹೆಂಡತಿಯ ಮುಖ ನೆನಪಾದಾಗಲೆಲ್ಲ ಇನ್ನೊಂದು ತುತ್ತು ತುರುಕಿಕೊಳ್ಳುತ್ತಿದ್ದೆ. ನಾನು ಸಾಯುತ್ತೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ.

ಹೊರಡುವಾಗ ಹುಡುಗಿಯ ತಂದೆ, ಮಾನ ಉಳಿಸಿದಿರಿ ಎಂದು ಕೈ ಹಿಡಿದುಕೊಂಡು, ಬಾಳೆಲೆಯಲ್ಲಿ ಸುತ್ತಿದ ಹೋಳಿಗೆಯ ದೊಡ್ಡ ಬುತ್ತಿ ಕೊಟ್ಟರು. ಬಸ್ಸು ಶಿರಾಳಕೊಪ್ಪ ದಾಟುವಾಗ ಪಡುವಣದಲ್ಲಿ ಮೋಡ ಕಟ್ಟಿತ್ತು. ಸೀಟಿನಲ್ಲಿ ಕೂತರೆ ತೊಡೆಸಂದಿಯ ಉಬ್ಬು ಒತ್ತಿ ನೋಯುತ್ತಿತ್ತು. ಅದು ಮೊದಲಿಗಿಂತ ದೊಡ್ಡದಾಗಿತ್ತು.

ಮನೆಗೆ ಬಂದಾಗ ಮಧ್ಯಾಹ್ನ. ಹೆಂಡತಿ ನೀರು ಕೊಟ್ಟು, ನಾನು ಅಂಗಿ ಬಿಚ್ಚುವುದನ್ನೇ ಕಾದಿದ್ದವಳ ಹಾಗೆ ಬಂದು ಉಡಿದಾರಕ್ಕೆ ಕೈ ಹಾಕಿದಳು. ಬೆರಳು ಒಳಗೆ ಹೋಗುವಾಗಲೇ ಬಿಗಿಯಾಯಿತು. ಅವಳು ನನ್ನ ಮುಖ ನೋಡಿದಳು.

"ಉಂಡ್ರಾ?"

"ಉಂಡೆ."

"ಎಷ್ಟು?"

ಕಾರಣ ಹೇಳೋಣ ಎಂದುಕೊಂಡೆ. ಬೀಗರ ಪಂಕ್ತಿಯ ಕಥೆ, ಕೈ ಮುಗಿದ ತಂದೆಯ ಕಥೆ ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಅದು ಮೊದಲ ಎಲೆಗೆ ಮಾತ್ರ ಕಾರಣ ಎಂದು ನನಗೇ ಗೊತ್ತಿತ್ತು, ಸುಮ್ಮನಾದೆ. ಅವಳು ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತು, "ಇನ್ನು ಮಳೆಗಾಲ ಕಳೀಬೇಕಲ್ರೀ" ಎಂದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅವಳು ಅಳುತ್ತಿದ್ದದ್ದು ನನ್ನ ಪ್ರಾಣಕ್ಕೆ. ಹತ್ತಿರ ಹೋಗಿ ಕೂರಬೇಕು, ಬೆನ್ನ ಮೇಲೆ ಕೈ ಇಡಬೇಕು ಎಂದುಕೊಂಡೆ. ಬುತ್ತಿ ಅವಳ ಪಕ್ಕದಲ್ಲೇ ಇತ್ತು, ಬಾಳೆಲೆಯ ಸಂದಿಯಿಂದ ತುಪ್ಪದ ವಾಸನೆ ಬರುತ್ತಿತ್ತು. ನನಗೆ ಹಸಿವಾಗಿತ್ತು.