ಹೊರಡುವವನಿಗೆ ಕುಂಕುಮ

ಫ್ರಿಜ್ ತಣ್ಣಗಾದ ಮೇಲೆ ರಿಪೇರಿಯವನು ಇದ್ದಾನೋ ಹೋದನೋ ಯಾರೂ ನೋಡುವುದಿಲ್ಲ. ಹೊಳೆನರಸೀಪುರದ ಆ ಮನೆಯಲ್ಲಿ ಮಾತ್ರ, ನಾನು ಬ್ಯಾಗು ಹೆಗಲಿಗೇರಿಸುತ್ತಿದ್ದಂತೆ, ಐದು ವರ್ಷದ ಹುಡುಗನೊಬ್ಬ ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಅಡ್ಡ ನಿಂತ.

"ತಗೊಳ್ಳಿ ಅಂಕಲ್."

ಹೊರಟ ಹೆಂಗಸರಿಗೆ ಕುಂಕುಮ ಕೊಡುವುದು ಗೊತ್ತು. ಮೀಸೆ ಹೊತ್ತ ಮೆಕ್ಯಾನಿಕ್ಕಿಗೆ ಯಾರು ಕೊಡುತ್ತಾರೆ?

ಒಳಗಿಂದ ಅಜ್ಜಿ ಓಡಿ ಬಂದರು. "ಲೋ, ಅದು ಹೆಂಗಸ್ರಿಗೆ ಕಣೋ. ಕೊಡೋರೂ ಹೆಣ್ಮಕ್ಳೇ. ನಿಂಗ್ಯಾಕೋ ಅದೆಲ್ಲ?"

ಹುಡುಗ ಫ್ರಿಜ್ಜಿನ ಪಕ್ಕ ನಿಂತಿದ್ದ ತಾಯಿಯತ್ತ ತಿರುಗಿದ. "ಮನೆಗೆ ಬಂದೋರನ್ನ ಹಂಗೇ ಕಳಿಸಬಾರ್ದು ಅಂತ ನೀನೇ ಹೇಳಿದ್ದಲ್ವಾ? ನಿನ್ನೆ ಅಕ್ಕನೂ ಕೊಟ್ಲು."

"ನಾನೇ ಹೇಳಿದ್ದು ಅತ್ತೆ. ಇಬ್ರಿಗೂ ಒಂದೇ ಪಾಠ" ಅಂದರು ತಾಯಿ, ಮೆಲ್ಲಗೆ.

ಅಜ್ಜಿ ಒಪ್ಪದೆ ತಲೆ ಅಲ್ಲಾಡಿಸಿದರು. ಬಟ್ಟಲು ಹಿಡಿದ ಪುಟ್ಟ ಕೈ ಇಳಿಯತೊಡಗಿತು, ಹುಡುಗನ ಕಣ್ಣು ತುಂಬಿಕೊಂಡಿತು. ನೋಡಲಾಗದೆ ನಾನು ಬಗ್ಗಿ ಒಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡೆ. ಅಜ್ಜಿ ನನ್ನ ಹಣೆಯನ್ನೇ ದುರುಗುಟ್ಟಿ ನೋಡಿದರು. ಬೈಗುಳ ಖಾತ್ರಿ ಅಂದುಕೊಂಡೆ.

"ಬರೀ ಕುಂಕುಮ ಕೊಟ್ಟು ಕಳಿಸ್ತಾರೇನೋ? ಇಷ್ಟೇನಾ ನಿಮ್ಮಮ್ಮ ಕಲಿಸಿದ್ದು?" ಎಂದು ಮೊಮ್ಮಗನನ್ನು ಗದರಿ ಒಳಗೆ ಹೋದರು. ಎಲೆಯಡಿಕೆ, ಬಾಳೆಹಣ್ಣು, ಒಂದು ಮೊಳ ಸೇವಂತಿಗೆ ತಂದು ಅವನ ಕೈಯಿಂದಲೇ ಕೊಡಿಸಿದರು.

ಬೋಳುತಲೆಯವನು ಹೂವನ್ನು ಎಲ್ಲಿ ಮುಡಿಯಲಿ? ಬೈಕಿನ ಹ್ಯಾಂಡಲಿಗೆ ಸುತ್ತಿಕೊಂಡು ಹೊರಟೆ. ಮುಂದಿನ ಮನೆಯ ಯಜಮಾನರು ಹೂವನ್ನೂ ನನ್ನ ಹಣೆಯನ್ನೂ ನೋಡಿ ಗೇಟಿನಲ್ಲೇ ಕೇಳಿದರು:

"ಹೊಸ ಗಾಡಿಯೇನಪ್ಪಾ?"

"ಗಾಡಿ ಹಳೇದೇ ಸಾ" ಅಂದೆ, "ಮುತ್ತೈದೆ ಹೊಸಬ."