ಆರನೇ ಸೀಟು

ಯುರೋಪಿಗೆ ಹೊರಟವರು ಐದು ಜನ. ಅಲ್ಲಿನ ರೈಲಿನ ಒಂದು ಕೋಣೆಯಲ್ಲಿ ಸೀಟು ಆರು. ಆ ಆರನೆಯದು ನನಗೆ ಸಿಗುತ್ತದೋ ಇಲ್ಲವೋ ಅನ್ನುವುದು ಆ ವರ್ಷ ನನ್ನ ತಲೆಯಲ್ಲಿದ್ದ ಒಂದೇ ವಿಷಯ. ಉಳಿದವರ ತಲೆಯಲ್ಲಿ ಇದ್ದದ್ದು ಬೇರೆ. ಊರಿಂದ ಊರಿಗೆ ರೈಲೋ, ಅಗ್ಗದ ವಿಮಾನವೋ ಎಂದು ಅವರು ಜಗಳವಾಡುತ್ತಿದ್ದರು.

ಆಗ ನಾನು ಒಮಾನಿನಲ್ಲಿ, ಮಸ್ಕತ್ತಿನ ಹತ್ತಿರದ ರುಸೈಲಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ಊರು ಬೈಂದೂರಿನ ಕಡೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಖಾನಾವಳಿ ಸೇರಿದ್ದೆ. ಜೋಳದ ರೊಟ್ಟಿ ಬಡಿಯಲು ಕಲಿತದ್ದು ಅಲ್ಲಿ. ಆ ರೊಟ್ಟಿಯಿಂದಾಗಿ ಕಾರ್ಖಾನೆಯ ಎಂಜಿನಿಯರ್ ಸಾಹೇಬರ ಮನೆಯಿಂದ ಪ್ರತಿ ಶುಕ್ರವಾರ ಕರೆ ಬರುತ್ತಿತ್ತು. ಅವರು ಬಾಗಲಕೋಟೆಯವರು. ಅವರ ಹೆಂಡತಿಯನ್ನು ನಾನು ಅಕ್ಕೋರು ಎನ್ನುತ್ತಿದ್ದೆ. ಒಬ್ಬಳು ಮಗಳು, ಇಂಡಿಯನ್ ಸ್ಕೂಲಿನಲ್ಲಿ ಓದುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅದೇ ಕಾರ್ಖಾನೆಯ ಅಕೌಂಟೆಂಟ್, ಉಡುಪಿ ಕಡೆಯವರು, ಹೆಂಡತಿಯ ಜೊತೆ ಶುಕ್ರವಾರದ ಊಟಕ್ಕೆ ತಪ್ಪದೆ ಬರುತ್ತಿದ್ದರು. ಈ ಐವರೇ ಯುರೋಪಿಗೆ ಹೊರಟವರು.

ನಾನು ಇದರೊಳಗೆ ಸೇರಿಕೊಂಡದ್ದು ಹೀಗೆ. ಹಿಂದಿನ ವರ್ಷ ಇವರೆಲ್ಲ ಮಲೇಷ್ಯಾಕ್ಕೆ ಹೋಗಿ ಬಂದಿದ್ದರು. ಎಂಜಿನಿಯರ್ ಸಾಹೇಬರು ಅಲ್ಲಿ ಬ್ರೆಡ್ಡು ಬಾಳೆಹಣ್ಣಿನಲ್ಲೇ ಬದುಕಿ, ಪ್ಯಾಂಟು ಜಾರುವ ಹಾಗಾಗಿ ಮರಳಿದ್ದರು. ಈ ಸಲ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯೋಣ, ರೊಟ್ಟಿ ಮಾಡಿಕೊಳ್ಳೋಣ ಎಂದರು. ಅಕ್ಕೋರು ತಟ್ಟೆಯಿಂದ ತಲೆ ಎತ್ತದೆ ಹೇಳಿದರು:

"ಅಲ್ಲಿ ಹೋಗಿನೂ ನಾನೇ ರೊಟ್ಟಿ ಬಡೀಬೇಕಂದ್ರ ಇಲ್ಲೇ ಇರ್ತೀನಿ. ಹಂಚರ ಇಲ್ಲೇ ಐತಿ."

ಹಾಗಾದರೆ ಇವನನ್ನೇ ಕರೆದುಕೊಂಡು ಹೋಗೋಣ ಎಂದು ಸಾಹೇಬರು ನನ್ನತ್ತ ಕೈ ಮಾಡಿದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮುಂದಿನ ಶುಕ್ರವಾರ ಅವರು ನಗದೇ ಕೇಳಿದರು, ಪಾಸ್‌ಪೋರ್ಟ್ ಕಫೀಲನ ಹತ್ತಿರ ಇದೆಯಾ, ರಜೆ ಕೊಡುತ್ತಾನಾ ಎಂದು. ಮನೆ ಅಡುಗೆಯವನು ಎಂದು ವೀಸಾಕ್ಕೆ ಬರೆದುಕೊಡುವ ಜವಾಬ್ದಾರಿ ಅವರದಂತೆ.

ನನ್ನ ಕಫೀಲ್, ಅಂದರೆ ನನ್ನನ್ನು ಈ ದೇಶಕ್ಕೆ ಕರೆಸಿಕೊಂಡ ಯಜಮಾನ, ಬರ್ಕಾದಲ್ಲಿ ಖರ್ಜೂರದ ತೋಟ ಇಟ್ಟುಕೊಂಡಿದ್ದ ಮುದುಕ. ಕ್ಯಾಂಟೀನಿನ ಗುತ್ತಿಗೆಯೂ ಅವನದೇ. ವಿಷಯ ಹೇಳಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಯುರೋಪು ಅಂತ ತನ್ನಷ್ಟಕ್ಕೆ ಹೇಳಿಕೊಂಡು ತುಂಬ ಹೊತ್ತು ನಕ್ಕ. ಆಮೇಲೆ ಒಂದು ತಿಂಗಳ ರಜೆ ಕೊಟ್ಟು, ಬದಲಿ ಅಡುಗೆಯವನನ್ನೂ ಗೊತ್ತು ಮಾಡಿಬಿಟ್ಟ. ಕ್ಯಾಂಟೀನಿನ ಹುಡುಗರು ಚಾಕಲೇಟಿಗೆ ಹೇಳಿದರು. ಒಬ್ಬ ಹಿಮದಲ್ಲಿ ನಿಂತ ಫೋಟೋ ಬೇಕೆಂದ. ಹಿಮ ಬೇಸಿಗೆಯಲ್ಲಿ ಇರುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇನ್ನು ಜಗಳ. ಪ್ಯಾರಿಸ್, ಜ್ಯೂರಿಕ್, ವೆನಿಸ್, ರೋಮ್. ಅಕೌಂಟೆಂಟರು ವಿಮಾನದ ಕಡೆ. ಅಲ್ಲಿ ಈಗ ಬಸ್ಸಿನ ಹಾಗೆ ವಿಮಾನ ಓಡುತ್ತವಂತೆ, ಟಿಕೆಟು ಒಂದು ಒಳ್ಳೆಯ ಊಟದಷ್ಟೂ ಆಗುವುದಿಲ್ಲವಂತೆ, ಊಟ ಮಾತ್ರ ಅದರೊಳಗೆ ಕೊಡುವುದಿಲ್ಲವಂತೆ. ಸಾಹೇಬರು ರೈಲಿನ ಕಡೆ. ನೆಲ ನೋಡದೆ ದೇಶ ನೋಡಿದೆ ಅನ್ನುವುದು ಸುಳ್ಳು ಎನ್ನುವುದು ಅವರ ವಾದ.

"ಪ್ಯಾರಿಸ್ ಅಂತ ಟಿಕೆಟ್ ಕೊಡ್ತಾನ, ಇಳಸೂದು ಯಾರದೋ ಹೊಲದಾಗ," ಎಂದರು ಸಾಹೇಬರು. "ಅಲ್ಲಿಂದ ಪ್ಯಾರಿಸ್ಸಿಗೆ ಮತ್ತ ಬಸ್ಸು ಹುಡುಕಬೇಕು."

"ನಿಮ್ಮ ರೈಲು ಊರ ನಡುವೆಯೇ ಇಳಿಸ್ತದೆ, ಒಪ್ಪಿದೆ ಮಾರಾಯ್ರೆ," ಎಂದರು ಅಕೌಂಟೆಂಟರು. "ಇಳಿಯುವಾಗ ರಜೆ ಮುಗ್ದಿರ್ತದೆ."

ಊಟ ಮುಗಿಯುವ ತನಕ ಇದೇ. ಮಗಳು ಕಂಪ್ಯೂಟರಿನ ಮುಂದೆ ಕೂತು ಹುಡುಕುವಳು. ಇಂಟರ್ನೆಟ್ಟು ನಿಧಾನ. ವಿಮಾನದ ಚಿತ್ರ ತೆರೆದುಕೊಂಡರೆ ಮೊದಲು ಆಕಾಶ ಕಾಣುತ್ತಿತ್ತು, ರೆಕ್ಕೆ ಕಾಣುವ ಹೊತ್ತಿಗೆ ಇವರಿಬ್ಬರೂ ಬೇರೆ ಊರಿಗೆ ಹೋಗಿರುತ್ತಿದ್ದರು.

ನನಗೆ ಈ ವಾದದಲ್ಲಿ ಬೇಕಾದದ್ದು ಒಂದೇ ಮಾತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಗ್ಗದ ವಿಮಾನದಲ್ಲಿ ಒಬ್ಬರಿಗೆ ಒಂದು ಸಣ್ಣ ಚೀಲ. ಕಬ್ಬಿಣದ ಹಂಚು, ಕುಕ್ಕರ್, ರೊಟ್ಟಿ ಬಡಿಯುವ ಮಣೆ, ಜೋಳದ ಹಿಟ್ಟಿನ ಮೂಟೆ ಯಾವುದೂ ಹೋಗುವುದಿಲ್ಲ. ಅವು ಹೋಗದಿದ್ದರೆ ನಾನೂ ಹೋಗುವುದಿಲ್ಲ. ಹಾಗಾಗಿ ಇನ್ನೊಬ್ಬರ ಮಾತಿಗೆ ತಲೆ ಹಾಕದ ನಾನು ಸಾರು ಬಡಿಸುತ್ತ ರೈಲಿನ ಕಡೆ ಮಾತಾಡಲು ಶುರು ಮಾಡಿದೆ. ವಿಮಾನದಲ್ಲಿ ಕಿವಿ ಕಟ್ಟುತ್ತದೆ ಎಂದೆ. ಕಾಲು ಚಾಚಲು ಆಗುವುದಿಲ್ಲ ಎಂದೆ. ನಾನು ವಿಮಾನ ಹತ್ತಿದ್ದು ಬೊಂಬಾಯಿಯಿಂದ ಮಸ್ಕತ್ತಿಗೆ ಬರುವಾಗ ಒಂದೇ ಸಲ, ಅದೂ ಪೂರ್ತಿ ನಿದ್ದೆ ಮಾಡಿ. ಸಾಹೇಬರು ರೈಲಿನ ಪರ ಒಂದು ಒಳ್ಳೆ ಮಾತು ಹೇಳಿದಾಗ ನನ್ನ ಕೈ ತಾನಾಗಿಯೇ ಅವರ ರೊಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕುತ್ತಿತ್ತು.

ಅಕೌಂಟೆಂಟರು ಗಮನಿಸಿದರು. "ಎಂತದಿದು, ತುಪ್ಪ ರೈಲಿನವರಿಗೆ ಮಾತ್ರವಾ?"

ಅವರಿಗೂ ಹಾಕಿದೆ. ಸ್ವಲ್ಪ ಕಡಿಮೆ.

ಒಂದು ಶುಕ್ರವಾರ ಮಗಳು ರೈಲಿನ ಒಳಗಿನ ಚಿತ್ರ ತೆಗೆದು ತೋರಿಸಿದಳು. ಗಾಜಿನ ಬಾಗಿಲಿನ ಪುಟ್ಟ ಕೋಣೆ, ಎದುರುಬದುರು ಮೂರು ಮೂರು ಸೀಟು. ನಾವು ಐದೇ ಜನ, ಆರನೇ ಸೀಟಿಗೆ ಯಾರೋ ಬಿಳಿಯ ಬಂದು ಕೂತರೆ ಬೆಳ್ಳುಳ್ಳಿ ಚಟ್ನಿ ಬಿಚ್ಚುವುದು ಹೇಗೆ ಎಂದು ಅಕೌಂಟೆಂಟರ ಹೆಂಡತಿ, ಉಡುಪಿಯ ಅಕ್ಕ, ಚಿಂತೆ ಮಾಡಿದರು. ಎಂಜಿನಿಯರ್ ಸಾಹೇಬರು ನನ್ನತ್ತ ಬೆರಳು ತೋರಿಸಿದರು. ನಾನು ಒಳಗೆ ಹೋಗಿ ಅಕ್ಕಿ ತೊಳೆದೆ. ಅಕ್ಕಿ ಆಗಲೇ ತೊಳೆದಾಗಿತ್ತು.

ಅಡ್ಡಿ ತಂದವಳೂ ಅದೇ ಮಗಳು. ನೇರ ರೈಲು ಎಲ್ಲ ಕಡೆಗೂ ಇಲ್ಲ, ನಡುವೆ ಇಳಿದು ಬೇರೆ ರೈಲು ಹತ್ತಬೇಕು, ಕೆಲವು ಕಡೆ ನಿಲ್ಲುವುದೇ ಮೂರು ನಿಮಿಷ ಎಂದು ಓದಿ ಹೇಳಿದಳು. ಅಕೌಂಟೆಂಟರಿಗೆ ಹಬ್ಬವಾಯಿತು. ಸಾಹೇಬರು ಸೋಲುವವರಲ್ಲ. ಕಾರ್ಖಾನೆಯಲ್ಲಿ ಯಾವ ಹೊಸ ಮೆಷೀನು ಬಂದರೂ ಮೊದಲು ಟ್ರಯಲ್ ಮಾಡುತ್ತೇವೆ, ಇದಕ್ಕೂ ಟ್ರಯಲ್ ಮಾಡೋಣ ಎಂದರು. ಒಮಾನಿನಲ್ಲಿ ರೈಲೇ ಇಲ್ಲ. ಅದಕ್ಕೆ ಕಾರ್ಖಾನೆಯ ಮಿನಿ ಬಸ್ಸು ತರಿಸಿದರು.

ಬರ್ಕಾದ ಕಡಲ ತೀರಕ್ಕೆ ಪಿಕ್‌ನಿಕ್ಕಿನ ನೆಪದಲ್ಲಿ ಹೋದೆವು. ಐದೂ ಸೂಟ್‌ಕೇಸುಗಳಲ್ಲಿ ಹಳೆ ಬಟ್ಟೆ ತುಂಬಿಸಿದ್ದರು. ನನ್ನ ಸಾಮಾನು ಮಾತ್ರ ಅಸಲಿ. ಸಾಹೇಬರು ಮರಳಿನಲ್ಲಿ ಕೋಲಿನಿಂದ ಗೆರೆ ಎಳೆದು ಅದು ಪ್ಲಾಟ್‌ಫಾರ್ಮ್ ಎಂದರು. ಅಕೌಂಟೆಂಟರು ಗಾರ್ಡ್. ಕೈಯಲ್ಲಿ ವಾಚು, ಬಾಯಲ್ಲಿ ಸೀಟಿ, ಮುಖದಲ್ಲಿ ಸಂತೋಷ.

ಮೊದಲ ಸಲ ಸಾಹೇಬರು ಎರಡು ಕೈಗೂ ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ಸಿಕ್ಕಿಕೊಂಡರು. ಅಕ್ಕೋರು ಹಿಂದಿನಿಂದ ನೂಕಿದರು. ಮಗಳು ಅಪ್ಪನ ಕೈಯಡಿಯಿಂದ ನುಸುಳಿದಳು. ನಾನು ತಲೆಯ ಮೇಲೆ ಹಿಟ್ಟಿನ ಮೂಟೆ, ಕಂಕುಳಲ್ಲಿ ಹಂಚು, ಒಂದು ಕೈಯಲ್ಲಿ ಕುಕ್ಕರ್, ಇನ್ನೊಂದರಲ್ಲಿ ಮಣೆ ಹಿಡಿದು ಗೆರೆಯ ಮೇಲೆ ನಿಂತೇ ಇದ್ದೆ. ಸೀಟಿ ಕೂಗಿತು. ಡ್ರೈವರಿಗೆ ಏನು ಹೇಳಿದ್ದರೋ, ಬಸ್ಸು ಹೊರಟೇಬಿಟ್ಟಿತು. ನಾನು ಮರಳಿನಲ್ಲಿ ಹಿಂದೆ ಓಡಿದೆ. ಚಾಪೆ ಹಾಸಿ ಕೂತಿದ್ದ ಒಬ್ಬ ಒಮಾನಿ ಅಜ್ಜ, ನನ್ನನ್ನು ಬಿಟ್ಟುಹೋಗುತ್ತಿದ್ದಾರೆಂದು ತಿಳಿದು ಎದ್ದು ಬಂದು, ದೊಣ್ಣೆಯಿಂದ ಬಸ್ಸಿಗೆ ಹೊಡೆದು ನಿಲ್ಲಿಸಿದ. ಡ್ರೈವರಿಗೆ ಬೈದು, ಮೂಟೆಗೆ ಕೈಕೊಟ್ಟು, "ಯಲ್ಲಾ, ಯಲ್ಲಾ," ಎನ್ನುತ್ತ ನನ್ನನ್ನು ಒಳಗೆ ತಳ್ಳಿದ.

"ಅಲ್ಲಿ ಈ ಅಜ್ಜ ಇರುದಿಲ್ಲ," ಎಂದರು ಗಾರ್ಡ್.

ಎರಡನೇ ಸಲ ನಾನು ಹುಬ್ಬಳ್ಳಿ ಸ್ಟೇಷನ್ನಿನ ಬುದ್ಧಿ ತೋರಿಸಿದೆ. ಪಾತ್ರೆಗಳನ್ನೆಲ್ಲ ಕಿಟಕಿಯಿಂದ ಒಳಗೆ ತೂರಿಸಿದೆ. ಹಂಚು ಉಡುಪಿಯ ಅಕ್ಕನ ತೊಡೆಯ ಮೇಲೆ ಇಳಿಯಿತು. ಅವರು ತುಳುವಿನಲ್ಲಿ ಅಂದದ್ದನ್ನು ಬರೆಯುವುದಿಲ್ಲ. ಆದರೂ ಎಲ್ಲರೂ ಹತ್ತಿಯಾಗಿತ್ತು, ಸಾಹೇಬರು ಗೆದ್ದವರ ಹಾಗೆ ನೋಡಿದರು. ಆಗ ಮಗಳು ಹೇಳಿದಳು, "ಬಟ್ ಭಯ್ಯಾ, ದೇರ್ ದ ವಿಂಡೋಸ್ ಡೋಂಟ್ ಓಪನ್."

ಮೂರನೇ ಸಲ ನನ್ನನ್ನೇ ಮೊದಲು ಹತ್ತಿಸಿದರು. ಹತ್ತಿದೆ. ನನ್ನ ಸಾಮಾನು ದಾರಿ ತುಂಬ ಕೂತಿತು. ಆಮೇಲೆ ಯಾರಿಗೂ ಹತ್ತಲು ಆಗಲಿಲ್ಲ.

ಮರಳಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಸಾಹೇಬರು ಅಭ್ಯಾಸ ಮಾಡಿದರೆ ಆಗುತ್ತದೆ ಎನ್ನುತ್ತಿದ್ದರು. ಅಕೌಂಟೆಂಟರು ನಗುತ್ತಲೇ ಇದ್ದರು. ಅಕ್ಕೋರು ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿದರು.

"ನೀ ಖರೇ ಹೇಳು. ಹಿಂಗ ಊರೂರಿಗೆ ಇಳದು ಹತ್ತಾಕ ಆಕ್ಕೈತೇನು?"

ಅಕೌಂಟೆಂಟರು ಅಗಿಯುವುದನ್ನು ನಿಲ್ಲಿಸಿದರು. ಆಗುತ್ತದೆ ಎಂದರೆ ಸಾಕಿತ್ತು. ಸಾಹೇಬರು ಗೆಲ್ಲುತ್ತಿದ್ದರು, ರೈಲು ಗೆಲ್ಲುತ್ತಿತ್ತು, ನಾನು ಕಿಟಕಿ ಪಕ್ಕ ಕೂತು ಹೋಗುತ್ತಿದ್ದೆ. ಆ ಒಂದು ಮಾತನ್ನು ವಾರಗಟ್ಟಲೆ ಬಾಯಲ್ಲಿ ಇಟ್ಟುಕೊಂಡಿದ್ದೆ. ಆದರೆ ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಹೆಚ್ಚಾಗಿದೆ ಎಂದು ಮೊದಲು ಹೇಳುವವನು ನಾನೇ. ಕೇಳಿದರೆ ಬೇರೆ ಹೇಳಲು ಬರುವುದಿಲ್ಲ.

"ಆಗುದಿಲ್ಲ," ಎಂದೆ. "ಪಾತ್ರೆ ಬಿಟ್ರೆ ಆಗ್ತದೆ. ಪಾತ್ರೆ ಬಿಟ್ಟ ಮೇಲೆ ನಾನೆಂತಕೆ?"

ಹಾಗಾದರೆ ವಿಮಾನವೇ ಎಂದು ಅಕೌಂಟೆಂಟರು ಕೈ ಒರೆಸಿಕೊಂಡರು.

"ವಿಮಾನಾನೂ ಬ್ಯಾಡ, ಹಂಚೂ ಬ್ಯಾಡ," ಎಂದರು ಅಕ್ಕೋರು. "ರೈಲಿನ್ಯಾಗ ಹೋಗೂದು. ಒಬ್ಬೊಬ್ಬರಿಗೆ ಒಂದು ಚೀಲ. ಅಲ್ಲಿ ಏನ್ ಸಿಗ್ತದ ಅದನ್ನ ತಿನ್ನೂದು."

ಸಾಹೇಬರು ಏನೋ ಹೇಳಲು ಹೋಗಿ, ಹೆಂಡತಿಯ ಮುಖ ನೋಡಿ ಮಜ್ಜಿಗೆ ಕುಡಿದರು. ಅಕೌಂಟೆಂಟರು ಚೌಕಾಸಿ ಮಾಡಿ ರೋಮಿನಿಂದ ಪ್ಯಾರಿಸ್ಸಿಗೆ ಮರಳುವ ಒಂದು ದಾರಿಯನ್ನು ಮಾತ್ರ ವಿಮಾನಕ್ಕೆ ಬಿಡಿಸಿಕೊಂಡರು. ನನ್ನ ವಿಷಯ ಯಾರೂ ಎತ್ತಲಿಲ್ಲ. ಎತ್ತುವಂಥದ್ದೇನೂ ಉಳಿದಿರಲಿಲ್ಲ.

ವಾಪಸು ಬರುವಾಗ ಅಕ್ಕೋರು ನನ್ನ ಮುಂದಿನ ಸೀಟಿನಲ್ಲಿದ್ದರು. ತಿರುಗದೆ ಕೇಳಿದರು.

"ನಿನಗ ಬರಬೇಕಂತಿತ್ತಲ್ಲ?"

"ಹೌದು."

"ಮತ್ಯಾಕ ಹಂಗಂದಿ?"

"ನೀವು ಕೇಳಿದ್ರಿ."



ಕ್ಯಾಂಟೀನಿನ ಹುಡುಗರು ನೀನು ಯುರೋಪನ್ನು ಬೇಡ ಅಂದೆಯೋ, ಯುರೋಪು ನಿನ್ನನ್ನು ಬೇಡ ಅಂದಿತೋ ಎಂದು ಕೇಳಿದರು. ಹಂಚು ಬೇಡ ಅಂದಿತು ಎಂದೆ. ಅರ್ಥವಾಗದೆಯೂ ನಕ್ಕರು. ಹೊರಡುವ ಹಿಂದಿನ ದಿನ ಎಂಜಿನಿಯರ್ ಸಾಹೇಬರು ಕ್ಯಾಂಟೀನಿನ ಹಿಂಬಾಗಿಲಿಗೆ ಬಂದು, ಹೆಂಡತಿಗೆ ಹೇಳಬೇಡ ಎಂದು, ಖಡಕ್ ರೊಟ್ಟಿ ಇದ್ದರೆ ಕೊಡು ಎಂದರು. ಅಂಗಿಯೊಳಗೆ ಸುತ್ತಿ ಚೀಲದ ತಳಕ್ಕೆ ಸೇರಿಸಿಕೊಂಡು ಹೋದರು.

ಕಫೀಲನಿಗೆ ಹೇಳಿದೆ, ಪ್ರಯಾಣ ರದ್ದಾಯಿತು, ಕೆಲಸಕ್ಕೆ ಬರುತ್ತೇನೆ ಎಂದು. ಬದಲಿಯವನು ಬಂದಾಗಿದೆ, ರಜೆ ಅಂದರೆ ರಜೆ, ಖಲಾಸ್ ಎಂದ. ಮೂರು ದಿನ ಮಲಗಿದೆ. ನಾಲ್ಕನೇ ದಿನ ಬೆನ್ನು ನೋಯಿತು. ನಮ್ಮೂರಿನ ಒಬ್ಬ ಒಮಾನಿನ ಉತ್ತರ ತುದಿಯ ಖಸಬ್‌ನಲ್ಲಿ ಹೋಟೆಲ್ ಕೆಲಸದಲ್ಲಿದ್ದ, ಬಾ ಎಂದ. ಅದೂ ಒಮಾನೇ, ಆದರೆ ಅಲ್ಲಿಗೆ ರಸ್ತೆ ಬೇರೆ ದೇಶದೊಳಗಿಂದ ಹೋಗುತ್ತದೆ, ನನ್ನಂಥವನಿಗೆ ಅದರ ವೀಸಾ ತಲೆನೋವು. ಸಣ್ಣ ವಿಮಾನದಲ್ಲಿ ಹೋದೆ.

ಅಲ್ಲಿ ಮರದ ದೋಣಿಯಲ್ಲಿ ಜನರನ್ನು ಗುಡ್ಡಗಳ ನಡುವಿನ ಕಡಲಿಗೆ ಕರೆದೊಯ್ದು ಊಟ ಹಾಕಿ ತರುತ್ತಾರೆ. ನಾನೂ ಹತ್ತಿದೆ. ಆ ಬಿಸಿಲಿಗೂ ಯುರೋಪಿನಿಂದ ಒಂದು ಜೋಡಿ ಬಂದಿತ್ತು. ಒಂದು ಎಲೆ ಇಲ್ಲದ ಕಲ್ಲುಗುಡ್ಡಗಳನ್ನು ಅವರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ. ಮಧ್ಯಾಹ್ನ ಹಿಂದಿನಿಂದ ಬೇಳೆ ತಳ ಹಿಡಿದ ವಾಸನೆ ಬಂತು. ದೋಣಿಯ ಅಡುಗೆಯವನು ಹುಡುಗ, ಸ್ಟೌ ಸಣ್ಣ ಮಾಡುವುದು ಬಿಟ್ಟು ಸೌಟು ತಿರುಗಿಸುತ್ತಿದ್ದ. ನನ್ನ ಕಾಲು ತಾನಾಗಿ ಎದ್ದಿತು. ರಜೆ ಅಂದರೆ ರಜೆ ಎಂದು ಅದನ್ನು ಮಡಚಿ ಅದರ ಮೇಲೆಯೇ ಕೂತೆ. ಬಡಿಸಿದ್ದನ್ನು ತಿಂದೆ.